ಮೂರನೇ ಕೂಗಿಗೆ ಓ

ನಿವೃತ್ತಿಯಾದ ಮೇಲೆ ಶಿಡ್ಲಘಟ್ಟದ ನಮ್ಮ ಮನೆಗೆ ಬಂದು ಕೂತಿದ್ದೇನೆ. ನಮ್ಮ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. "ನಸ್ರೀನ್ ಮೇಡಂ, ಫೀಲ್ಡ್ ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆದುಬಿಡೋಣ ಎಂದು ಕೂತೆ.

ವಿಮಾನ ಸುರಕ್ಷತಾ ಅಧಿಕಾರಿ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಮ್ಮ ಬೀದಿಯವರು ನಾನು ವಿಮಾನದಲ್ಲಿ ಊಟ ಬಡಿಸುತ್ತೇನೆಂದು ಬಹಳ ಕಾಲ ನಂಬಿದ್ದರು. ನಾನು ಮಾಡುತ್ತಿದ್ದ ಕೆಲಸ ಇಷ್ಟು: ಆಕಾಶದಲ್ಲಿ ಕಸರತ್ತು ಮಾಡುವವರಿಗೆ ಅನುಮತಿ ಕೊಡುವುದು, ಕೊಟ್ಟ ಮೇಲೆ ಹೇಳಿದಂತೆ ಕೇಳುತ್ತಾರಾ ಎಂದು ನೋಡುವುದು, ಬಿದ್ದರೆ ಯಾಕೆ ಬಿದ್ದರು ಎಂದು ಹುಡುಕುವುದು. ಬಡ್ತಿಯ ವಿಷಯ ಇಲ್ಲಿ ಬೇಡ. ಅದು ಎಲ್ಲ ಇಲಾಖೆಯಲ್ಲೂ ಒಂದೇ ಥರ. ತಡವಾಗಿ ಬರುತ್ತದೆ, ಬಂದ ದಿನ ಸಿಹಿ ಹಂಚಬೇಕು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಹೆದರಿಕೊಳ್ಳುವವರು ಈಗಲೇ ಹೆದರಿಕೊಳ್ಳಲಿ. ಈ ಕೆಲಸದಲ್ಲಿ ಸತ್ತವರ ಮಾತು ಕೇಳಬೇಕಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೂತರೆ ಅವರು ಕಿವಿಯೊಳಗೇ ಮಾತಾಡುತ್ತಾರೆ. ಇಳಿದ ಮೇಲೆ ಎಲ್ಲಿ ತಿಂಡಿ ತಿನ್ನುವುದು ಎಂದು ಚರ್ಚೆ ಮಾಡುತ್ತಾರೆ, ಹೆಂಡತಿಯ ಅಣ್ಣನನ್ನು ಬೈಯುತ್ತಾರೆ. ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ. ಆ ಹೊತ್ತಿನಲ್ಲಿ ಒಂದು ಕೆಟ್ಟ ಆಸೆ ಬರುತ್ತದೆ, ಕೂಗಿ ಎಚ್ಚರಿಸಬೇಕು ಅಂತ. ನಾನೂ ಒಂದೆರಡು ಸಲ ಖಾಲಿ ಕೋಣೆಯಲ್ಲಿ "ಏರಿಸಪ್ಪಾ, ಏರಿಸು" ಎಂದು ಕೂಗಿದ್ದೇನೆ.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇದೆ. ಅಂಥ ಧ್ವನಿಯನ್ನು ಒಬ್ಬರೇ ಕೇಳಬಾರದು. ಸತ್ತವರನ್ನು ಬಲ್ಲವರು ಒಬ್ಬರು ಪಕ್ಕದಲ್ಲಿರಬೇಕು. ಯಾವ ಮಾತು ಯಾರದು ಎಂದು ಗುರುತಿಸಲು ಅವರು ಬೇಕು ಎನ್ನುವುದು ಕಾಗದದ ಮೇಲಿನ ಕಾರಣ. ಇನ್ನೊಂದು ಕಾರಣ ಕೆಲಸಕ್ಕೆ ಇಳಿದ ಮೇಲೆ ಗೊತ್ತಾಗುತ್ತದೆ.

ನನಗೆ ಕೆಲಸ ಕಲಿಸಿದವರು ಕುಲಕರ್ಣಿ ಸಾಹೇಬರು. ಮಾತು ಕಡಿಮೆ, ಕೋಪ ಜಾಸ್ತಿ. ವಿಮಾನ ಪ್ರದರ್ಶನಕ್ಕೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನಾನು ಎಲ್ಲರಂತೆ ಕತ್ತೆತ್ತಿ ನೋಡುತ್ತಾ ನಿಂತೆ. ಸಾಹೇಬರು ನನ್ನ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದರು. "ವಿಮಾನ ನೋಡೋಕೆ ಸಾವಿರಾರು ಜನ ಬಂದಾರ. ನೀ ಜನರನ್ನ ನೋಡು" ಎಂದರು. ಅವರೂ ಹಾಗೇ ವಿಮಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಜನರ ಮುಖಗಳು ಎಲ್ಲ ಒಟ್ಟಿಗೆ ಎಡಕ್ಕೆ ಹೋಗುವುದು, ಒಟ್ಟಿಗೆ ಬಲಕ್ಕೆ ಬರುವುದು, ಅದನ್ನೇ ನೋಡುತ್ತಿದ್ದೆವು. ಒಂದು ಸಲ ಆ ಮುಖಗಳೆಲ್ಲ ನಿಂತಲ್ಲೇ ನಿಂತುಬಿಟ್ಟವು. ಬಾಯಿಗಳು ತೆರೆದುಕೊಂಡವು, ಸದ್ದು ಮಾತ್ರ ಇಲ್ಲ. ನನ್ನ ಬೆನ್ನ ಹಿಂದೆ ಏನಾಯಿತೆಂದು ಸದ್ದು ಬರುವ ಮೊದಲೇ ನನಗೆ ಗೊತ್ತಾಯಿತು. ಆ ಪೈಲಟ್ ಪುಣ್ಯಕ್ಕೆ ಬದುಕಿಕೊಂಡ. ಆದರೆ ತೆರೆದ ಬಾಯಿಗಳ ಆ ಸಾಲು ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ.

ಇನ್ನೊಂದು ಪ್ರಕರಣ ಗೌರಿಬಿದನೂರಿನ ಕಡೆಯದು. ಕುಡುಮಲಕುಂಟೆಯ ಕಾರ್ಖಾನೆಗಳ ಕಾರ್ಮಿಕರು ಒಂದು ದೂರು ಕಳಿಸಿದ್ದರು: ಸಂಜೆ ಹೊತ್ತು ವಿಮಾನವೊಂದು ಬಂದು ಆಕಾಶದಲ್ಲಿ ನಿಂತುಹೋಗುತ್ತದೆ. ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಆ ಮಾರ್ಗದಲ್ಲಿ ಆ ಹೊತ್ತಿಗೆ ವಿಮಾನವೇ ಇರಲಿಲ್ಲ, ರೇಡಾರ್ ಪರದೆಯ ಮೇಲೂ ಕಾಣುತ್ತಿರಲಿಲ್ಲ. ನಾನು ಹೋದೆ. ಪಾಳಿ ಮುಗಿಸಿ ಬಂದ ಹೆಂಗಸೊಬ್ಬಳು ಟೀ ಅಂಗಡಿಯ ಮುಂದೆ ನಿಂತು ಹೇಳಿದಳು, "ಸದ್ದು ಕೇಳಿ ಭಯ ಅಲ್ಲ ಮೇಡಂ. ಇಷ್ಟೊತ್ತು ಇದ್ದ ಸದ್ದು ಇದ್ದಕ್ಕಿದ್ದಂಗೆ ನಿಂತೋಗುತ್ತಲ್ಲ, ಅದಕ್ಕೆ ಭಯ." ಸ್ವಲ್ಪ ಹೊತ್ತಿಗೆ ನಾನೂ ಕೇಳಿಸಿಕೊಂಡೆ. ದೂರದಿಂದ ಮೋಟಾರಿನ ಗುಂಯ್‌ಗುಡುವಿಕೆ ಬಂತು, ನೆತ್ತಿಯ ಮೇಲೆ ಬಂತು, ನಿಂತಿತು. ಬೀದಿಯಲ್ಲಿ ಇದ್ದವರೆಲ್ಲ ಮಾತು ನಿಲ್ಲಿಸಿದರು, ನಾಯಿ ಕೂಡ ಮೇಲೆ ನೋಡಿತು. ಆಮೇಲೆ ಗೊತ್ತಾಯಿತು, ತರಬೇತಿ ವಿಮಾನದ ಪೈಲಟ್ ಒಬ್ಬ ಯಾರಿಗೂ ಹೇಳದೆ, ಗುರುತು ತೋರಿಸುವ ಉಪಕರಣವನ್ನೂ ಆರಿಸಿ, ಇಂಜಿನ್ ತಗ್ಗಿಸಿ ಬೀಳುವ ಕಸರತ್ತು ಅಭ್ಯಾಸ ಮಾಡುತ್ತಿದ್ದ. ಅವನ ಪರವಾನಗಿ ಹೋಯಿತು. ಅಂದಿನಿಂದ ನಾನು ಮೊದಲು ಕೆಳಗೆ ಬದುಕುವವರನ್ನು ಕೇಳುತ್ತೇನೆ, ಪರದೆ ನೋಡುವುದು ಆಮೇಲೆ.

ಕಾಲ ಕಳೆದಂತೆ ಪದ್ಧತಿ ಬದಲಾಯಿತು. ಹೋಗಿ ನೋಡುವ ಕಡೆ ಫೋಟೋ ಕಳಿಸಿ ಎನ್ನುವುದು ಬಂತು. ಕಂಪ್ಯೂಟರಿನಲ್ಲಿ ಅರ್ಜಿ ತುಂಬುವ ವ್ಯವಸ್ಥೆ ಮಾಡಿದರು. ಅದರಲ್ಲಿ ಪ್ಯಾರಾಮೋಟರ್ ಎನ್ನುವ ಆಯ್ಕೆಯೇ ಇರಲಿಲ್ಲ. ಹೀಗಾಗಿ ಬೆನ್ನಿಗೆ ಮೋಟಾರು ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಹರಡಿಕೊಂಡು ಹಾರುವ ಗಟ್ಟಿಮುಟ್ಟಾದ ಗಂಡಸರೆಲ್ಲ ನಮ್ಮ ದಾಖಲೆಯಲ್ಲಿ ಬಲೂನುಗಳಾಗಿದ್ದರು. ಆ ಬಲೂನುಗಳಲ್ಲಿ ಒಬ್ಬ ಶಂಕರ. ನಾನು ಇಷ್ಟೆಲ್ಲ ಬರೆಯಲು ಕೂತಿದ್ದು ಅವನ ಮತ್ತು ಅವನ ಹೆಂಡತಿ ಪದ್ಮಳ ವಿಷಯ ಹೇಳುವುದಕ್ಕೆ.

ಶಂಕರನ ಊರು ಚಿಂತಾಮಣಿಯ ಹತ್ತಿರ. ಜಮೀನಿತ್ತು, ಟೊಮೆಟೊ ಬೆಳೆಯುತ್ತಿದ್ದರು. ಅವನಿಗೆ ನೆಲದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಪ್ಯಾರಾಮೋಟರ್ ಕಲಿತು ಬಂದ. ಲೇಔಟ್ ಉದ್ಘಾಟನೆ, ರೆಸಾರ್ಟ್ ಪ್ರಾರಂಭ ಎಂದರೆ ಅವನನ್ನು ಕರೆಸುತ್ತಿದ್ದರು. ಚಿಕ್ಕಬಳ್ಳಾಪುರದ ಮಾರುಕಟ್ಟೆಯಿಂದ ಚೀಲಗಟ್ಟಲೆ ಗುಲಾಬಿ ಪಕಳೆ ತಂದು ಮೇಲಿನಿಂದ ಸುರಿಯುತ್ತಿದ್ದ. ಅವನ ದೊಡ್ಡ ಕಸರತ್ತು ಬೇರೆಯದು. ಮೇಲಿನಿಂದ ಮೋಟಾರು ಆರಿಸಿ, ಸದ್ದಿಲ್ಲದೆ ಜಾರಿ ಬಂದು, ನೆಲಕ್ಕೆ ನೆಟ್ಟ ಕೋಲಿನ ತುದಿಯಿಂದ ಬಾವುಟವನ್ನು ಬೂಟುಗಾಲಲ್ಲಿ ಕಿತ್ತುಕೊಂಡು ಹೋಗುವುದು. ಅದಕ್ಕೆ ನಮ್ಮ ಅನುಮತಿ ಬೇಕಿತ್ತು. ಅವರ ಊರಿನ ಒಣ ಕೆರೆಯಂಗಳಕ್ಕೆ ನೋಡಲು ಹೋದೆ.

ಕೋಲಿನ ಹತ್ತಿರ ಪದ್ಮ ವಾಕಿಟಾಕಿ ಹಿಡಿದು ನಿಂತಿದ್ದಳು. ಅಂಗಳದಲ್ಲಿ ದನ, ನಾಯಿ, ಮನುಷ್ಯರು ಯಾರೂ ಅಡ್ಡ ಇಲ್ಲ ಎಂದು ನೋಡುವುದು ಅವಳ ಕೆಲಸ. ಶಂಕರ ದೂರದ ಕೋಡಿಯ ಹತ್ತಿರ ಬಂದ. ವಾಕಿಟಾಕಿಯಲ್ಲಿ "ಪದ್ಮಾ" ಎಂದ. ಇವಳು ಸುಮ್ಮನಿದ್ದಳು. ಇನ್ನಷ್ಟು ಹತ್ತಿರ ಬಂದು ಮತ್ತೆ "ಪದ್ಮಾ" ಎಂದ. ಇವಳು ಪಿಟ್ಟೆನ್ನಲಿಲ್ಲ. ಇದೇನು ಗಂಡ ಹೆಂಡಿರ ಜಗಳ ನನ್ನೆದುರೇ ನಡೆಯುತ್ತಿದೆಯಾ ಎಂದುಕೊಂಡೆ. ಏರಿಯನ್ನು ದಾಟಿ ಮೂರನೇ ಸಲ "ಪದ್ಮಾ" ಎಂದಾಗ ಇವಳು "ಓ" ಎಂದಳು. ಆ ಕ್ಷಣವೇ ಮೇಲೆ ಮೋಟಾರು ನಿಂತಿತು. ಗಾಳಿಯಲ್ಲಿ ಹಗ್ಗಗಳ ಸುಯ್ ಎನ್ನುವ ಸದ್ದೊಂದೇ. ನಮ್ಮ ತಲೆಯ ಪಕ್ಕದಲ್ಲೇ ಜಾರಿ ಹೋಗಿ ಬಾವುಟ ಕಿತ್ತ.

"ಯಾಕಮ್ಮ, ಮೊದಲೇ ಓ ಅನ್ನಕ್ಕೇನು?" ಎಂದು ಕೇಳಿದೆ.

ಪದ್ಮ ನಾಚಿಕೊಂಡಳು. "ಮೊದಲ್ನೇ ಕೂಗಿಗೆ ಓ ಅನ್ನಬಾರ್ದು ಮೇಡಂ. ನಮ್ಮಜ್ಜಿ ಹೇಳ್ಕೊಟ್ಟಿದ್ದು. ಕಣ್ಣಿಗೆ ಕಾಣ್ದೆ ಇರೋರು ಕರೆದ್ರೆ ಮೂರು ಸಲ ಆಗ್ಲಿ ಅಂತ ಕಾಯ್ಬೇಕು. ಅದಾದ್ರೆ ಮೂರು ಸಲ ಕರೆಯಲ್ಲ. ನಮ್ಮೋರಾದ್ರೆ ಕರೀತಾರೆ. ಚಿಕ್ಕೋಳಿಂದ ಬಾಯಿ ಹಂಗೇ ಪಳಗಿಬಿಟ್ಟಿದೆ, ಬೇಗ ಅನ್ನಕ್ಕೆ ಹೋದ್ರೂ ಬರಲ್ಲ."

ಇಳಿದು ಬಂದ ಶಂಕರ ನಗುತ್ತಿದ್ದ. "ಮೊದಮೊದ್ಲು ಬೈತಿದ್ದೆ ಮೇಡಂ. ಆಮೇಲೆ ಅದನ್ನೇ ಲೆಕ್ಕಕ್ಕಿಟ್ಕೊಂಡೆ. ಯಾವ ಊರಿಗೋದ್ರೂ ಮೂರು ಜಾಗ ಗುರ್ತು ಮಾಡ್ಕೊಳ್ತೀನಿ. ಮರ, ಕಂಬ, ಏರಿ ಏನಿದ್ರೂ ಎಲ್ಲಾ ದಾಟಿದ್ಮೇಲೇನೆ ಮೂರನೇ ಕೂಗು. ಇವಳು ಓ ಅಂದ್ರೆ ಮೋಟರ್ ಆಫ್. ಅನ್ನಲಿಲ್ವಾ, ಮೇಲಕ್ಕೆ ಹೋಗ್ತೀನಿ."

ನನಗೆ ನಗು ಬಂತು, ಮೈ ಕೂಡ ಸ್ವಲ್ಪ ಜುಮ್ಮೆಂದಿತು. ಯಾಕೆಂದರೆ ಶಿಡ್ಲಘಟ್ಟದ ನಮ್ಮ ಮನೆಯಲ್ಲೂ ಅದೇ ಮಾತಿತ್ತು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಬೇಯುವ ಗೂಡಿನ ಹಬೆಯಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ಹಬೆಯೊಳಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ನನ್ನ ಬಾಯಿಗೆ ಕೈ ಅಡ್ಡ ಇಡುತ್ತಿದ್ದರು. ಮೂರಾಗಲಿ ತಾಳು ಎನ್ನುತ್ತಿದ್ದರು. ಅವರು ಹೇಳಿದ್ದು ಉರ್ದುವಿನಲ್ಲಿ, ಪದ್ಮಳ ಅಜ್ಜಿ ಹೇಳಿದ್ದು ತೆಲುಗು ಬೆರೆತ ಕನ್ನಡದಲ್ಲಿ. ಭಯ ಮಾತ್ರ ಒಂದೇ.

ನಾನು ಅನುಮತಿಗೆ ಶಿಫಾರಸು ಮಾಡಿದೆ. ಆ ಪದ್ಧತಿ ನಿಜಕ್ಕೂ ಒಳ್ಳೆಯದಿತ್ತು. ಉತ್ತರ ಬರದಿದ್ದರೆ ಇಳಿಯುವುದಿಲ್ಲ ಎನ್ನುವುದಕ್ಕಿಂತ ಸುರಕ್ಷಿತ ನಿಯಮ ಇಲ್ಲ. ಆಗ ಬಂದಿದ್ದ ಹೊಸ ಮೇಲಧಿಕಾರಿ ಕಡತ ನೋಡಿ, "ಮೂರು ಸಲ ಯಾಕೆ?" ಎಂದರು. ನಮ್ಮ ಕಡೆ ದೆವ್ವ ಮೂರು ಸಲ ಕರೆಯುವುದಿಲ್ಲ ಸಾರ್ ಎಂದರೆ ನನ್ನ ಕೆಲಸ ಹೋಗುತ್ತಿತ್ತು. "ಮೂರು ಹಂತದ ದೃಢೀಕರಣ" ಎಂದು ಬರೆದೆ. ಮೇಲಧಿಕಾರಿಗೆ ಬಹಳ ಹಿಡಿಸಿತು.

ಆಮೇಲೆ ಅವರ ಪ್ರದರ್ಶನಗಳು ಎಷ್ಟೋ ನಡೆದವು. ಒಂದರಲ್ಲೂ ಒಂದು ತರಚು ಗಾಯವೂ ಆಗಲಿಲ್ಲ.

ಅಪಘಾತ ಆಗಿದ್ದು ಅಲೀಪುರದ ಆಚೆ, ಒಂದು ಹೊಸ ಲೇಔಟಿನ ಉದ್ಘಾಟನೆಯ ದಿನ. ನಾನು ಅಲ್ಲಿರಲಿಲ್ಲ, ಬೇರೆ ಪ್ರಕರಣದ ಮೇಲೆ ಬೆಂಗಳೂರಿನಲ್ಲಿದ್ದೆ. ಫೋನ್ ಬಂದ ಮೇಲೆ ಹೊರಟು ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಶಂಕರನನ್ನು ಆಗಲೇ ಒಯ್ದಿದ್ದರು. ಬಯಲಿನ ಅಂಚಿನಲ್ಲಿ ನೀಲಗಿರಿ ಮರಗಳ ಸಾಲು, ಅದರ ತುದಿಯಲ್ಲಿ ಅವನ ಕಿತ್ತಳೆ ಬಣ್ಣದ ರೆಕ್ಕೆ ಸಿಕ್ಕಿಕೊಂಡಿತ್ತು. ಗಾಳಿ ಬಂದಾಗಲೆಲ್ಲ ಅದು ಉಬ್ಬುತ್ತಿತ್ತು, ಇನ್ನೊಂದು ಸಲ ಹಾರಲು ಎದ್ದು ನಿಲ್ಲುವಂತೆ. ಗಾಳಿ ನಿಂತಾಗ ಮಲಗುತ್ತಿತ್ತು. ಜನ ದೂರ ನಿಂತು ನೋಡುತ್ತಿದ್ದರು, ಅದರ ಕೆಳಗೆ ಹೋಗಲು ಯಾರೂ ತಯಾರಿರಲಿಲ್ಲ. ನಾನೇ ಹೋದೆ. ಮರದ ಕೆಳಗೆ ಗುಲಾಬಿ ಪಕಳೆಗಳು ಬಿದ್ದಿದ್ದವು, ಚೀಲ ಒಡೆದಿತ್ತು.

ಏನಾಯಿತು ಎನ್ನುವುದು ಆ ದಿನವೇ ಗೊತ್ತಾಯಿತು. ಶಂಕರ ಮೋಟಾರನ್ನು ಬೇಗ ಆರಿಸಿದ್ದ. ನೀಲಗಿರಿ ಸಾಲು ದಾಟಿದ ಮೇಲೆ ಆರಿಸಬೇಕಾದದ್ದನ್ನು ದಾಟುವ ಮೊದಲೇ ಆರಿಸಿದ. ಮರ ದಾಟುವಷ್ಟು ಎತ್ತರ ಉಳಿಯಲಿಲ್ಲ. ಯಾಕೆ ಹಾಗೆ ಮಾಡಿದ ಎನ್ನುವುದು ಅವನ ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿತ್ತು. ಅವನ ಸ್ನೇಹಿತನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಗುಡ್ಡದ ಹಿಂದೆ ಸುತ್ತು ಹಾಕುತ್ತಾ ಏನೋ ಗುನುಗುತ್ತಿದ್ದಾನೆ. ಆಮೇಲೆ "ಪದ್ಮಾ". ಮತ್ತೆ, "ಪದ್ಮಾ". ತಕ್ಷಣ ಅವನ ಇಯರ್‌ಫೋನಿನಲ್ಲಿ ಅವಳ ದನಿ, "ಓ". ಅವನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. ಅಷ್ಟು ವರ್ಷದ ಅಭ್ಯಾಸ. ಒತ್ತಿದ ಮೇಲೆ "ಅಯ್ಯೋ" ಎಂದದ್ದೂ ಇದೆ.

ಎರಡೇ ಕೂಗು. ಪದ್ಮ ಎರಡನೆಯದಕ್ಕೇ ಓ ಅಂದುಬಿಟ್ಟಿದ್ದಳು.

ನಮ್ಮ ಮೇಲಧಿಕಾರಿಗೆ ಅಷ್ಟೇ ಸಾಕಾಯಿತು. "ಮಾನವ ದೋಷ. ನೆಲದ ಸಿಬ್ಬಂದಿಯ ಅವಸರ" ಎಂದು ಮುಗಿಸಿ ಎಂದರು. ಹೊಸಬರೇ, ಆ 'ಮಾನವ ದೋಷ' ಎನ್ನುವ ಮಾತಿನ ಬಗ್ಗೆ ಹುಷಾರಾಗಿರಿ. ಅದು ನಮ್ಮ ಇಲಾಖೆಯ ಕಸದ ಬುಟ್ಟಿ. ಗುಡಿಸಿದ್ದು ಎಲ್ಲಿ ಹಾಕುವುದೆಂದು ತಿಳಿಯದಿದ್ದಾಗ ಅದರಲ್ಲಿ ಹಾಕುತ್ತಾರೆ. ಬೇಗ ಓ ಅನ್ನಲು ಹೋದರೂ ಬಾಯಿಗೆ ಬರದ ಹೆಂಗಸು ಆವತ್ತು ಅವಸರ ಮಾಡಿದಳು ಎಂದರೆ ನಾನು ನಂಬಲು ತಯಾರಿರಲಿಲ್ಲ. ಸ್ವಲ್ಪ ಸಮಯ ಕೇಳಿ ತೆಗೆದುಕೊಂಡೆ.

ಶಂಕರನ ಕಾರ್ಯವೆಲ್ಲ ಮುಗಿದ ಮೇಲೆ ಅವಳ ಹೇಳಿಕೆ ಪಡೆಯಲು ಅವರ ಮನೆಗೆ ಹೋದೆ. ಶಂಕರನ ತಾಯಿ ಮುನಿಯಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಮಗ ಅಂತೂ ಹೋದ. ಇವಳ್ನ ನೋಡಮ್ಮ. ಕರೆದ್ರೆ ಓ ಅನ್ನಲ್ಲ. ಎದುರಿಗೆ ಹೋಗಿ ಕೂತ್ರೆ ಮಾತಾಡ್ತಾಳೆ, ಹಿಂದ್ಗಡೆಯಿಂದ ಪದ್ಮಾ ಅಂದ್ರೆ ಕಲ್ಲು. ದಿನಾ ಕರೀತೀನಿ. ಎನ್ನಿ ಸಾರ್ಲು, ಎಷ್ಟು ಸಲ ಕರೆದ್ರೂ ಇಲ್ಲ. ಈ ಮನೇಲಿ ಇಬ್ರೇ ಉಳ್ಕೊಂಡಿರೋದು, ನಾನು ಕರೆದ್ರೆ ಓ ಅನ್ನೋರು ಇನ್ಯಾರಿದಾರೆ?" ಎಂದು ಅತ್ತರು.

ನಾನು ಪದ್ಮಳ ಎದುರಿಗೆ ಕೂತೆ. ಸೊರಗಿಹೋಗಿದ್ದಳು.

"ಮೂರು ಸಲ ಕರೆದ್ರು ಮೇಡಂ" ಎಂದಳು, ನಾನು ಕೇಳುವ ಮೊದಲೇ. "ಮೂರನೇದಕ್ಕೇ ಓ ಅಂದಿದ್ದು. ನಮ್ಮಪ್ಪನಾಣೆ. ಅವರ ಕ್ಯಾಮೆರಾದಲ್ಲಿ ಎಷ್ಟಿದೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎರಡು" ಎಂದೆ.

"ಹಂಗಾದ್ರೆ ಮೊದಲ್ನೇದು ಯಾರದು?" ಎಂದಳು. ಅವಳೇ ಹೇಳಿದಳು, "ಅದೂ ಅವರ ದನಿನೇ ಮೇಡಂ. ನನ್ನ ಸುತ್ತ ಎಲ್ಲಾ ಕಡೆಯಿಂದ ಬಂದಂಗೆ ಬಂತು. ಅಜ್ಜಿ ಹೇಳ್ತಿದ್ದಿದ್ದು ಅದೇ ತಾನೆ? ಕರೆಯೋದು ನಮ್ಮೋರಲ್ಲ, ದನಿ ಮಾತ್ರ ನಮ್ಮೋರದು ಅಂತ. ಒಂದು ಕೂಗು ಅದು ಕೂಗ್ತು. ಎರಡು ಇವರು ಕೂಗಿದ್ರು. ಮೂರಾಯ್ತು ಅಂತ ನಾನು ಓ ಅಂದೆ. ಇನ್ಮೇಲೆ ಯಾರು ಕರೆದ್ರೂ ಅನ್ನಲ್ಲ. ಅತ್ತೆ ಕರೆದಾಗ್ಲೂ ಅತ್ತೆನೇ ಕರೆದಿದ್ದು ಅಂತ ನಂಗೇನು ಗೊತ್ತು?"

ಆ ಮನೆಯಿಂದ ಹೊರಗೆ ಬಂದೆ. ಇದು ಬರೀ ಕಡತ ಮುಗಿಸುವ ಮಾತಾಗಿ ಉಳಿದಿರಲಿಲ್ಲ. ಆ ಮೊದಲ ಕೂಗು ಯಾರದು ಎಂದು ಯಾರಾದರೂ ಹೇಳದಿದ್ದರೆ ಆ ಹೆಂಗಸು ಜೀವ ಇರುವವರೆಗೂ ಹಾಗೇ ಇರುತ್ತಾಳೆ ಎನ್ನುವುದು ಕಂಡಂತಿತ್ತು. ಆದರೆ ಕೂಗು ಇತ್ತು ಎನ್ನುವುದಕ್ಕೇ ಅವಳ ಮಾತು ಬಿಟ್ಟರೆ ಏನೂ ಆಧಾರ ಇರಲಿಲ್ಲ.

ಸಮಾರಂಭಕ್ಕೆ ಬಂದವರನ್ನು ಹುಡುಕಿ ಫೋನಿನ ವಿಡಿಯೋ ಕೇಳಲು ಶುರು ಮಾಡಿದೆ. ಬಹಳ ಜನ ಬಿದ್ದದ್ದನ್ನು ಮಾತ್ರ ತೆಗೆದಿದ್ದರು. ಮುದ್ದೇನಹಳ್ಳಿಯ ಶಾಲಾ ಮೇಷ್ಟ್ರೊಬ್ಬರು ಮಾತ್ರ ಮೊದಲಿನಿಂದ ತೆಗೆದಿದ್ದರು. ಸೈಟು ನೋಡಲು ಬಂದವರು, ಹೆಂಡತಿಗೆ ತೋರಿಸಲೆಂದು ಎಲ್ಲವನ್ನೂ ಹಿಡಿದಿದ್ದರು. ಅದನ್ನು ಕಚೇರಿಗೆ ತಂದೆ. ಸಂಜೆಯಾಗಿತ್ತು, ಎಲ್ಲರೂ ಹೋಗಿದ್ದರು. ಒಬ್ಬರೇ ಕೇಳಬಾರದು ಎನ್ನುವ ನಿಯಮ ನೆನಪಿತ್ತು, ತಾಳ್ಮೆ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡೆ.

ಜನರ ಗಲಾಟೆ, ಯಾರೋ ಮಗುವನ್ನು ಗದರಿಸುತ್ತಿದ್ದರು. ಅದರ ಮಧ್ಯೆ ಸ್ಪಷ್ಟವಾಗಿ, ಗಟ್ಟಿಯಾಗಿ, "ಪದ್ಮಾ".

ಆಮೇಲೆ ಎರಡನೆಯದು. ಆಮೇಲೆ ಮೂರನೆಯದು, ಅದರ ಬೆನ್ನಿಗೇ ಅವಳ "ಓ".

ಆ "ಓ" ಎರಡು ವಿಡಿಯೋಗಳಲ್ಲೂ ಇತ್ತಲ್ಲ, ಅದನ್ನು ಹಿಡಿದು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಹಿಂದಕ್ಕೆ ಓಡಿಸಿದೆ. ಬಯಲಿನಲ್ಲಿ ಶಂಕರನ ದನಿ ಮೊದಲ ಸಲ ಪದ್ಮಾ ಎಂದು ಕರೆಯುವಾಗ, ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ಶಂಕರ ಗುಡ್ಡದ ಹಿಂದೆ ಗುನುಗುತ್ತಿದ್ದ. ಒಂದೇ ಹೊತ್ತು, ಒಂದೇ ದನಿ, ಎರಡು ಕಡೆ. ಒಂದು ಕಿವಿಯಲ್ಲಿ ಗುನುಗು, ಇನ್ನೊಂದರಲ್ಲಿ ಕೂಗು. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಇಟ್ಟ ಮೇಲೂ ಅದರಿಂದ ಸಣ್ಣಗೆ ದನಿ ಬರುತ್ತಿತ್ತು. ಇಂಜಿನಿಯರಿಂಗ್ ಓದಿದವಳು, ಇಷ್ಟು ವರ್ಷ ಸರ್ವೀಸು ಮಾಡಿದವಳು, ಗೋಡೆಗೆ ಬೆನ್ನು ಕೊಟ್ಟು ಕೂತು ಕುರಾನಿನ ಆಯತುಲ್ ಕುರ್ಸಿ ಓದಿಕೊಂಡೆ. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ನಿಮಗೂ ಅಂಥದೊಂದು ಸಂಜೆ ಬರುತ್ತದೆ.

ಬೆಳಿಗ್ಗೆ ಬಿಸಿಲಿನಲ್ಲಿ ಮತ್ತೆ ಕೇಳಿದೆ. ಆಗ ಕುಲಕರ್ಣಿ ಸಾಹೇಬರು ಭುಜ ಹಿಡಿದು ತಿರುಗಿಸಿದ್ದು ನೆನಪಾಯಿತು. ದನಿಯನ್ನು ಬಿಟ್ಟು ಅದರ ಹಿಂದೆ ಏನಿದೆ ಎಂದು ಕೇಳತೊಡಗಿದೆ. ಎರಡನೇ ಮೂರನೇ ಕೂಗಿನ ಹಿಂದೆ ಮೋಟಾರು ಮಾತ್ರ. ಮೊದಲನೆಯದರ ಹಿಂದೆ ಮೋಟಾರಿನ ಜೊತೆ ಇನ್ನೇನೋ ಎಳೆಯಂತೆ ಇತ್ತು. ಸದ್ದು ಏರಿಸಿ ಕೇಳಿದೆ. ಅಜಾನ್.

ಪ್ರದರ್ಶನ ನಡೆದದ್ದು ಬೆಳಿಗ್ಗೆ, ತಿಂಡಿಯ ಹೊತ್ತು ಮುಗಿದ ಮೇಲೆ. ಆ ಹೊತ್ತಿನಲ್ಲಿ ಯಾವ ಮಸೀದಿಯಲ್ಲೂ ಅಜಾನ್ ಇರುವುದಿಲ್ಲ. ಇನ್ನೂ ಕಿವಿಗೊಟ್ಟೆ. ನಮ್ಮ ಶಿಡ್ಲಘಟ್ಟದ ಅಜಾನಿನಲ್ಲಿ ಇಲ್ಲದ ಒಂದು ಸಾಲು ಅದರಲ್ಲಿತ್ತು. ಅದು ಶಿಯಾ ಜನರ ಅಜಾನ್. ಅಂದರೆ ಶಿಯಾ ಜನರೇ ಹೆಚ್ಚಿರುವ ಅಲೀಪುರದ್ದು. ಜಾಗ ಅದೇ, ಹೊತ್ತು ಬೇರೆ. ಆ ಕೂಗು ಆ ಬೆಳಗಿನದೇ ಅಲ್ಲ. ಹಿಂದಿನ ಸಂಜೆಯದು. ಹಿಂದಿನ ಸಂಜೆ ಅಲ್ಲಿ ಅಭ್ಯಾಸ ನಡೆದಿತ್ತು.

ಸಮಾರಂಭದ ಮೈಕಿನವನು ಗೌರಿಬಿದನೂರಿನ ಬಾಬು. ಅಂಗಡಿಯಲ್ಲಿ ಸ್ಪೀಕರ್ ಬಿಚ್ಚಿಕೊಂಡು ಕೂತಿದ್ದ. ನಾನು ನೇರವಾಗಿ ಕೇಳಿದೆ, "ಹಿಂದಿನ ದಿನದ್ದು ರೆಕಾರ್ಡ್ ಮಾಡ್ಕೊಂಡಿದ್ರಾ?"

"ಹೂಂ ಮೇಡಂ. ಗಂಡ ಹೆಂಡ್ತಿ ವಾಕಿಟಾಕಿಲಿ ಮಾತಾಡೋದು ಜನಕ್ಕೂ ಕೇಳ್ಲಿ, ಥ್ರಿಲ್ ಇರುತ್ತೆ ಅಂತ ಲೇಔಟ್ ಪಾರ್ಟಿಯೋರು ಹೇಳಿದ್ರು. ಒಂದು ವಾಕಿಟಾಕಿ ಸೆಟ್ನ ನಮ್ಮ ಸ್ಪೀಕರ್ ಬಾಕ್ಸಿಗೆ ಕನೆಕ್ಟ್ ಮಾಡಿದ್ದೆ. ರಿಹರ್ಸಲ್ ಟೈಮಲ್ಲಿ ರೆಕಾರ್ಡ್ ಆಗಿತ್ತು."

"ಮಾರನೇ ದಿನ ಅದನ್ನ ಹಾಕಿದ್ರಾ?"

"ಒಂದು ಚೂರು ಹಾಕ್ದೆ ಮೇಡಂ, ಹಿಂದ್ಗಡೆ ಬಾಕ್ಸಲ್ಲಿ ಸೌಂಡ್ ಬರ್ತಿದೆಯಾ ನೋಡಕ್ಕೆ. ಅವ್ರು ಆಗ್ಲೇ ಮೇಲಕ್ಕೆ ಹೋಗಿದಾರೆ ಅಂತ ನಂಗೆ ಗೊತ್ತಿರ್ಲಿಲ್ಲ, ಗುಡ್ಡದ ಹಿಂದೆ ಇದ್ರಲ್ಲ. ಒಂದು ಸಲ ಪದ್ಮಾ ಅಂತು, ಬಾಕ್ಸು ಸರಿಗಿದೆ ಅಂತ ನಿಲ್ಸಿಬಿಟ್ಟೆ." ಅವನ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. "ಯಾಕೆ ಮೇಡಂ? ಅದ್ರಿಂದೇನಾದ್ರೂ?"

ಅವನಿಗೆ ವಿವರಿಸಿದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಮೂರು ಕೂಗಿನ ಲೆಕ್ಕ ಆ ಗಂಡ ಹೆಂಡತಿ ಮತ್ತು ನಮ್ಮ ಕಚೇರಿ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸ್ಪೀಕರಿನವನಿಗೆ ಅದು ಬರೀ ಒಂದು ಹೆಸರು.

ವರದಿಯಲ್ಲಿ 'ಮಾನವ ದೋಷ' ಬರೆಯಲಿಲ್ಲ. ಆಮೇಲೆ ನಿಯಮ ಬದಲಾಯಿತು. ಹಾರುವವರ ಮತ್ತು ನೆಲದವರ ಮಾತನ್ನು ಧ್ವನಿವರ್ಧಕಕ್ಕೆ ಕೊಡಬಾರದು, ಪ್ರತಿ ಹಾರಾಟಕ್ಕೂ ಹೊಸ ಸಂಕೇತ ಪದ ಇರಬೇಕು ಎಂದು ಮಾಡಿದೆವು. ನೀವು ಈಗ ಉರು ಹೊಡೆಯುತ್ತೀರಲ್ಲ, ಆ ನಿಯಮ ಹುಟ್ಟಿದ್ದು ಹೀಗೆ.

ಆದರೆ ವರದಿ ಕಳಿಸುವ ಮೊದಲು ಒಂದು ಕೆಲಸ ಉಳಿದಿತ್ತು. ಆ ಮೊದಲ ಕೂಗು ಯಾರ ದನಿ ಎಂದು ಬಲ್ಲವರು ಗುರುತಿಸಬೇಕು. ಬಾಬು ಕೊಟ್ಟ ತುಣುಕನ್ನು ನನ್ನ ಫೋನಿಗೆ ಹಾಕಿಕೊಂಡು ಪದ್ಮಳ ಮನೆಗೆ ಹೋದೆ. ಮುನಿಯಮ್ಮ ಕೊಟ್ಟಿಗೆಯಲ್ಲಿದ್ದರು. ಪದ್ಮಳ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅಭ್ಯಾಸ, ಮೈಕಿನವನು, ಬಾಕ್ಸು, ಅಲೀಪುರದ ಅಜಾನ್. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ಅಂದ್ರೆ ಅದು ಹಿಂದಿನ ದಿನ ಇವ್ರು ಕರೆದಿದ್ದಾ?"

"ಹೂಂ ಕಣಮ್ಮ. ಶಂಕರನೇ ಕರೆದಿದ್ದು. ಕೇಳಿ ನೀನೇ ಹೇಳ್ಬೇಕು."

ಫೋನನ್ನು ಮಧ್ಯದಲ್ಲಿ ಇಟ್ಟು ಒತ್ತಿದೆ. ಗಾಳಿ, ಮೋಟಾರು, ದೂರದಲ್ಲಿ ಅಜಾನ್. "ಪದ್ಮಾ." ಅಷ್ಟಕ್ಕೆ ನಿಂತಿತು.

"ಇನ್ನೊಂದ್ಸಲ ಹಾಕಿ ಮೇಡಂ" ಎಂದಳು.

ಮತ್ತೆ ಹಾಕಿದೆ. ಗಾಳಿ, ಮೋಟಾರು, ಅಜಾನ್. "ಪದ್ಮಾ."

ಅವಳು ಈಗ ಫೋನನ್ನು ನೋಡುತ್ತಿರಲಿಲ್ಲ. ತೆರೆದ ಬಾಗಿಲಿನ ಕಡೆ ನೋಡುತ್ತಿದ್ದಳು. "ಇನ್ನೊಂದ್ಸಲ" ಎಂದಳು. ನನ್ನ ಬೆರಳು ಹಿಂಜರಿಯಿತು. ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೇಡ ಅನ್ನಲು ನಾನು ಯಾರು ಎಂದುಕೊಂಡು ಒತ್ತಿದೆ.

"ಪದ್ಮಾ."

"ಓ" ಎಂದಳು.

ಮೆಲ್ಲಗೇನಲ್ಲ, ಕೆರೆಯಂಗಳದಲ್ಲಿ ನಿಂತು ಅನ್ನುತ್ತಿದ್ದಷ್ಟೇ ಗಟ್ಟಿಯಾಗಿ. ತುಣುಕು ಮುಗಿದಿತ್ತು. ಆದರೂ ನಾನು ಫೋನನ್ನು ತೆಗೆಯಲಿಲ್ಲ. ಆ ಕಡೆಯಿಂದ ಇನ್ನೇನಾದರೂ ಬರುತ್ತದೇನೋ ಎಂದು ನಾವಿಬ್ಬರೂ ಉಸಿರು ಹಿಡಿದು ಕಾದೆವು. ಏನೂ ಬರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯತೊಡಗಿತು.

ಕೊಟ್ಟಿಗೆಯಿಂದ ಮುನಿಯಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. "ಯಾರಿಗಮ್ಮ ಓ ಅಂದೆ?" ಎಂದರು.

"ನಿಮ್ಮ ಮಗನಿಗೆ ಅತ್ತೆ."

ಮುನಿಯಮ್ಮ ನನ್ನ ಮುಖ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆ ಮನೆಯ ಕಡೆ ಹೋದರು. ಗೋಡೆಯ ಆಚೆಯಿಂದ ಪಾತ್ರೆಯ ಸದ್ದು ಬಂತು, ನಿಂತಿತು. ಆಮೇಲೆ, ಅನ್ನಲೋ ಬೇಡವೋ ಎನ್ನುವಂತೆ, ಸಣ್ಣ ದನಿಯಲ್ಲಿ ಅವರು ಕರೆದರು.

"ಪದ್ಮಾ."

"ಓ, ಬಂದೆ ಅತ್ತೆ" ಎಂದು ಪದ್ಮ ಎದ್ದಳು.

ಅವರು ಕರೆದದ್ದು ಒಂದೇ ಸಲ.